‘ಶಾಂತಿ’ ಧ್ಯಾನಕೂಟ: ಮೂರು ದಿನ ಇದ್ದು ಬಂದ ಮೇಲೆ

ಹೋದ ತಿಂಗಳು ಕಥೋಲಿಕ ಕ್ರೈಸ್ತರ ಮೂರು ದಿನದ ಮೌನ ಧ್ಯಾನಕೂಟಕ್ಕೆ ಹೋಗಿದ್ದೆ. ವಿಷಯ ಒಂದೇ ಪದ: ಶಾಂತಿ. ಇಂಥ ಕೂಟಗಳಿಗೆ ಹೋಗಿ ಬಂದವರೆಲ್ಲ ‘ತುಂಬಾ ಚೆನ್ನಾಗಿತ್ತು’ ಅನ್ನುತ್ತಾರೆ. ಏನು ಚೆನ್ನಾಗಿತ್ತು ಅಂತ ಬಿಡಿಸಿ ಹೇಳುವವರು ಕಡಿಮೆ. ಹೋಗಲೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಿಮಗೆ ಬೇಕಿರುವುದು ಮೂರು ದಿನದ ವಿಶ್ರಾಂತಿಯಾದರೆ ಇಲ್ಲಿಗೆ ಹೋಗಬೇಡಿ. ವಿಶ್ರಾಂತಿ ಬೇಕು ಅನ್ನುವುದು ತಪ್ಪಲ್ಲ, ನನಗೂ ಬೇಕಿತ್ತು. ಆದರೆ ಇಲ್ಲಿ ಕೈಗೊಂದು ಕೆಲಸ ಕೊಟ್ಟು ಮನೆಗೆ ಕಳಿಸುತ್ತಾರೆ.

ನಾನು ಪ್ರೂಫ್ ನೋಡುವವಳು. ದಿನವಿಡೀ ಬೇರೆಯವರ ಬರಹದಲ್ಲಿ ಬಿಟ್ಟುಹೋದ ಒತ್ತು, ದೀರ್ಘ ಹುಡುಕುತ್ತಾ ಕೂರುವ ಕೆಲಸ. ಕಣ್ಣು ಸೋತಿತ್ತು. ಅದಕ್ಕಿಂತ ಜಾಸ್ತಿ ಮನಸ್ಸು ಸೋತಿತ್ತು. ಅಮ್ಮ ತೀರಿಕೊಂಡು ನಾಲ್ಕು ವರ್ಷ ಆಯಿತು. ಅಷ್ಟೇ ವರ್ಷದಿಂದ ಅಕ್ಕನ ಜೊತೆ ಮಾತಿಲ್ಲ. ಅಮ್ಮನ ಕೊನೆಯ ಎರಡು ವರ್ಷ ನೋಡಿಕೊಂಡಿದ್ದು ನಾನು. ಅಕ್ಕ ದೂರದಲ್ಲಿದ್ದಳು. ಮಣ್ಣು ಮಾಡಿ ಬಂದ ಸಂಜೆ, ನಾಲ್ಕು ಜನರ ಎದುರಿಗೇ, ‘ನೀನು ಬರೀ ಫೋನಲ್ಲಿ ಮಗಳಾಗಿದ್ದೆ’ ಅಂದುಬಿಟ್ಟೆ. ಅವಳು ಚಪ್ಪಲಿ ಹಾಕಿಕೊಂಡು ಹೊರಟಳು. ಅಷ್ಟೇ.

ವ್ಯವಸ್ಥೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. 22 ಜನ ಇದ್ದೆವು. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಮಂಚ, ಮೇಜು, ಕುರ್ಚಿ, ಗೋಡೆ ಮೇಲೊಂದು ಶಿಲುಬೆ. ಎಲ್ಲ ಚೊಕ್ಕಟವಾಗಿತ್ತು. ಫೋನುಗಳನ್ನು ಬಟ್ಟೆ ಚೀಲಕ್ಕೆ ಹಾಕಿ, ಹೆಸರಿನ ಚೀಟಿ ಅಂಟಿಸಿ ತೆಗೆದಿಟ್ಟರು. ತುರ್ತು ಇದ್ದರೆ ಕಚೇರಿಯ ನಂಬರಿಗೆ ಕರೆ ಬರುತ್ತದೆ. ಮೌನ ಅಂದರೆ ನಿಜವಾಗಲೂ ಮೌನ, ಹಜಾರದಲ್ಲಿ ಎದುರಾದರೂ ಕಣ್ಣಲ್ಲೇ ನಗು. ನಡೆಸಿಕೊಟ್ಟವರು ಒಬ್ಬ ವಯಸ್ಸಾದ ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ. ದಿನಕ್ಕೆ ಎರಡು ಸಲ ಅರ್ಧ ಗಂಟೆ ಮಾತಾಡುತ್ತಿದ್ದರು. ಉಳಿದ ಹೊತ್ತು ನಾವು, ಬೈಬಲ್, ಪ್ರಾರ್ಥನಾಲಯ. ಜೊತೆಗೆ ಪ್ರತಿಯೊಬ್ಬರಿಗೂ ದಿನಕ್ಕೆ ಇಪ್ಪತ್ತು ನಿಮಿಷ ಅವರ ಹತ್ತಿರ ಕೂತು ಮಾತಾಡಲು ಅವಕಾಶ.

ಮೊದಲ ಸಂಜೆ ಎಲ್ಲರಿಗೂ ಒಂದು ಚೀಟಿ ಕೊಟ್ಟು ‘ಯಾಕೆ ಬಂದಿರಿ, ಒಂದು ಪದದಲ್ಲಿ ಬರೀರಿ’ ಅಂದರು. ನಾನು ‘ನೆಮ್ಮದಿ’ ಅಂತ ಬರೆದೆ. ಸಿಸ್ಟರ್ ಚೀಟಿಗಳನ್ನು ವಾಪಸ್ ಇಸಿದುಕೊಳ್ಳಲಿಲ್ಲ. ‘ನಿಮ್ಮ ಹತ್ತಿರವೇ ಇರಲಿ, ಹೋಗುವಾಗ ನೋಡಿಕೊಳ್ಳಿ’ ಅಂದರು.

ಆಮೇಲೆ ಸರೋವರದ ಬಿರುಗಾಳಿಯ ಕಥೆ ಓದಿಸಿದರು. ಮಾರ್ಕನ ಶುಭಸಂದೇಶದಲ್ಲಿ (ಯೇಸುವಿನ ಬದುಕನ್ನು ಹೇಳುವ ಬೈಬಲ್ ಪುಸ್ತಕಗಳಲ್ಲಿ ಒಂದು) ಬರುತ್ತದಲ್ಲ, ದೋಣಿ ಮುಳುಗುವ ಹಾಗಾಗಿದೆ, ಯೇಸು ಹಿಂಬದಿಯಲ್ಲಿ ದಿಂಬಿಗೆ ತಲೆ ಕೊಟ್ಟು ಮಲಗಿದ್ದಾರೆ. ಎದ್ದು ಅಲೆಗಳನ್ನು ಗದರುತ್ತಾರೆ, ಎಲ್ಲ ತಣ್ಣಗಾಗುತ್ತದೆ. ಶಾಂತಿ ಅಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದ ಚಿತ್ರ ಇದೇ. ಸಿಸ್ಟರ್ ಹೇಳಿದರು: ಅಲ್ಲಿ ‘ಶಾಂತಿ’ ಎಂಬ ಪದವೇ ಇಲ್ಲ. ಗ್ರೀಕ್ ಮೂಲದಲ್ಲಿ ಯೇಸು ಹೇಳುವುದು ‘ಸುಮ್ಮನಿರು, ಬಾಯಿ ಮುಚ್ಚು’ ಅಂತ. ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದಕ್ಕೆ ಬಳಸುವ ಕ್ರಿಯಾಪದ ಅದು. ನೀರಿಗೆ ಅಷ್ಟು ಸಾಕು. ಮನುಷ್ಯರ ವಿಷಯ ಬಂದಾಗ ಬೇರೆ ಪದ ಬರುತ್ತದೆ, ‘ಐರೇನೆ’. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಸುಮಾರು 90 ಸಲ ಬರುತ್ತದಂತೆ. ಅದರ ಬೆನ್ನಿಗೆ ಇರುವುದು ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯ ‘ಶಾಲೋಮ್’.

ಶಾಲೋಮ್ ಅಂದರೆ ಶಾಂತಿ ಅಂತ ಚರ್ಚಿನ ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೆ. ಆದರೆ ಅದರ ಬೇರು ಎಲ್ಲೆಲ್ಲಿ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಬೈಬಲಿನಲ್ಲಿ ಬರುವ ದಾವೀದ ರಾಜ ರಣರಂಗದಿಂದ ಬಂದ ತನ್ನ ಸೈನಿಕ ಊರೀಯನನ್ನು ಕರೆಸಿ ಯುದ್ಧ ಹೇಗೆ ನಡೀತಿದೆ ಅಂತ ವಿಚಾರಿಸುತ್ತಾನೆ. ಹೀಬ್ರೂವಿನಲ್ಲಿ ಅವನು ಕೇಳುವುದು ‘ಯುದ್ಧದ ಶಾಲೋಮ್’ ಏನು ಅಂತ! ಮಾತು ಅಷ್ಟು ಸಲೀಸು, ಆದರೆ ಕೇಳುತ್ತಿರುವವನು ಊರೀಯನ ಹೆಂಡತಿಯನ್ನು ಕೆಡಿಸಿದವನು, ಮುಂದೆ ಅವನನ್ನೇ ಸಾವಿಗೆ ಕಳಿಸುವವನು. ಬಾಯಲ್ಲಿ ಶಾಲೋಮ್ ಇದ್ದ ಮಾತ್ರಕ್ಕೆ ಆಯಿತಾ ಅಂತ ಸಿಸ್ಟರ್ ಕೇಳಿದರು, ಉತ್ತರ ಹೇಳಲಿಲ್ಲ.

ಇನ್ನೊಂದು ಉದಾಹರಣೆ ಬೈಬಲಿನ ವಿಮೋಚನಾಕಾಂಡದ 21ನೇ ಅಧ್ಯಾಯದ್ದು. ಒಬ್ಬ ಗುಂಡಿ ತೋಡಿ ಮುಚ್ಚದೆ ಬಿಟ್ಟಿದ್ದಾನೆ. ಪಕ್ಕದವನ ಎತ್ತು ಅದರಲ್ಲಿ ಬಿದ್ದು ಸಾಯುತ್ತದೆ. ಗುಂಡಿಯವನು ನಷ್ಟ ಕಟ್ಟಿಕೊಡಬೇಕು. ಆ ‘ಕಟ್ಟಿಕೊಡಬೇಕು’ ಅನ್ನುವ ಕ್ರಿಯಾಪದ ಶಾಲೋಮ್‌ನ ಬೇರಿನಿಂದಲೇ ಬಂದದ್ದು. ಪೂರ್ತಿ ಮಾಡುವುದು, ತುಂಬಿಕೊಡುವುದು. ನಾನು ಆ ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ ಎಳೆದೆ. ಕನ್ನಡ ಬೈಬಲ್‌ಗಳಲ್ಲಿ ಈ ಒಂದು ಪದಕ್ಕೆ ಒಂದು ಕಡೆ ‘ಶಾಂತಿ’, ಇನ್ನೊಂದು ಕಡೆ ‘ಸಮಾಧಾನ’ ಅಂತ ಇರುವುದನ್ನು ನೋಡಿ ಮೊದಲೆಲ್ಲ ಯಾಕೆ ಹೀಗೆ ಅಂತ ಕಿರಿಕಿರಿ ಆಗುತ್ತಿತ್ತು. ಒಂದೇ ಪದ ಇಡಬಾರದಾ ಅಂತ. ಈಗ ಅನ್ನಿಸುತ್ತದೆ, ಒಂದರಲ್ಲಿ ಹಿಡಿಸುವುದಿಲ್ಲ. ಶಾಂತಿ ಒಬ್ಬರೇ ಕೂತು ಪಡೆಯಬಹುದು. ಸಮಾಧಾನ ಮಾಡಿಕೊಳ್ಳಬೇಕು ಅಂದರೆ ಎದುರಿಗೆ ಇನ್ನೊಬ್ಬರು ಬೇಕು.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಮೌನ ಅಂದರೆ ತಲೆ ಒಳಗೂ ಮೌನ ಅಲ್ವಲ್ಲ. ನಾಲ್ಕು ವರ್ಷದ ಜಗಳ ಪೂರ್ತಿ ಅಲ್ಲೇ ನಡೆಯಿತು.

ಎರಡನೇ ದಿನ ಬೆಳಿಗ್ಗೆ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾರೆ. ಯೇಸು ಬಂದು ನಡುವೆ ನಿಂತು ಶಾಂತಿಯ ಮಾತು ಹೇಳುತ್ತಾರೆ. ಓದಿ ಮುಗಿಸಿ ಎದ್ದು ಹೋಗಬೇಡಿ, ಆ ಕೋಣೆಯೊಳಗೆ ನೀವೂ ಒಂದು ಜಾಗ ಹುಡುಕಿ ಕೂರಿ ಅಂದರು ಸಿಸ್ಟರ್. ಎರಡು ಗಂಟೆ ಕಾಲ ಕೊಟ್ಟರು. ಮೊದಲ ಅರ್ಧ ಗಂಟೆ ನನಗೆ ಏನೂ ಆಗಲಿಲ್ಲ. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಶಾಂತಿ ಅಂದ ತಕ್ಷಣ, ಮುಂದಿನ ವಾಕ್ಯದಲ್ಲೇ, ಯೇಸು ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾರೆ. ಮೊಳೆ ಹೊಡೆದ ಕೈ. ಈಟಿ ಚುಚ್ಚಿದ ಪಕ್ಕೆ. ಬಿಟ್ಟು ಓಡಿಹೋದವರ ಮುಂದೆ ನಿಂತು ಗಾಯ ಮುಚ್ಚಿಡಲಿಲ್ಲ. ‘ಆದದ್ದು ಆಯಿತು ಬಿಡಿ’ ಅನ್ನಲಿಲ್ಲ. ಗಾಯ ತೋರಿಸಿದ ಮೇಲೆ ಮತ್ತೆ ಒಂದು ಸಲ ಶಾಂತಿ ಅಂದರು. ಮೊದಲ ಸಲ ಅಲ್ಲಿರದ ಶಿಷ್ಯ ತೋಮನಿಗಾಗಿ ಎಂಟು ದಿನದ ಮೇಲೆ ಬಂದಾಗ ಮೂರನೇ ಸಲ. ಆಗಲೂ ಬಾಗಿಲು ಹಾಕಿಯೇ ಇತ್ತು! ಇದನ್ನು ಎಷ್ಟೋ ವರ್ಷದಿಂದ ಕೇಳಿದ್ದೇನೆ, ಈ ಬಾಗಿಲು ನನ್ನ ಕಣ್ಣಿಗೆ ಬಿದ್ದಿದ್ದು ಇದೇ ಮೊದಲು. ಒಂದು ಸಲ ಶಾಂತಿ ಸಿಕ್ಕಿದ ಕೂಡಲೇ ಹೆದರಿಕೆ ಹೋಗಿಬಿಡುವುದಿಲ್ಲ.

ಅವತ್ತು ನನ್ನ ಇಪ್ಪತ್ತು ನಿಮಿಷದಲ್ಲಿ ಅಕ್ಕನ ವಿಷಯ ಹೇಳಿದೆ. ಎಲ್ಲ ಹೇಳಿ, ‘ಸಿಸ್ಟರ್, ಅವಳನ್ನ ಕ್ಷಮಿಸೋದಕ್ಕೆ ನಾನು ತಯಾರಿದ್ದೀನಿ’ ಅಂದೆ. ಅಷ್ಟು ಹೇಳುವುದಕ್ಕೇ ನನಗೆ ನಾಲ್ಕು ವರ್ಷ ಬೇಕಾಗಿತ್ತು. ಹಾಗಾಗಿ ಒಂದು ಒಳ್ಳೆಯ ಮಾತು ಬರಬಹುದು ಅಂತ ಕಾದೆ.

ಅವರು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯ ತೆಗೆದು ನನ್ನ ಮುಂದೆ ಇಟ್ಟರು. ‘23, 24 ನೋಡಿಯಮ್ಮ. ನಿಮ್ಮ ಕೆಲಸದ ಥರಾನೇ ಓದಿ, ಅಕ್ಷರ ಅಕ್ಷರ.’

ಬಾಯಿಪಾಠ ಬರುವ ವಾಕ್ಯ. ಬಲಿಪೀಠಕ್ಕೆ ಕಾಣಿಕೆ ತಂದಾಗ ಸೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನ ಜೊತೆ ಸಮಾಧಾನ ಮಾಡಿಕೋ, ಆಮೇಲೆ ಬಂದು ಅರ್ಪಿಸು. ಮೂರನೇ ಸಲ ಓದುವಾಗ ಗೊತ್ತಾಯಿತು. ಅಲ್ಲಿರುವುದು ‘ಸೋದರನ ಮೇಲೆ ನಿನಗೆ ಏನಾದರೂ ಇದ್ದರೆ’ ಅಂತ ಅಲ್ಲ. ‘ನಿನ್ನ ಮೇಲೆ ಅವನಿಗೆ ಏನಾದರೂ ಇದ್ದರೆ’ ಅಂತ. ನನ್ನ ಮನಸ್ಸಿಗೆ ನೋವಾದ ಲೆಕ್ಕ ಅಲ್ಲ, ನನ್ನಿಂದ ನೋವಾದವರ ಲೆಕ್ಕ. ಪ್ರೂಫ್ ನೋಡುವವಳಾಗಿ ಇಷ್ಟು ವರ್ಷ ಆ ವಾಕ್ಯವನ್ನು ತಿರುಗಾಮುರುಗಾ ಓದಿಕೊಂಡು ಬಂದಿದ್ದೆ.

‘ಅಕ್ಕನಿಗೆ ನಿಮ್ಮ ಮೇಲೆ ಏನಿದೆ?’ ಅಂತ ಕೇಳಿದರು.

ಆವತ್ತು ಆಡಿದ ಮಾತು ಅಂದೆ. ಬೇರೆ? ಅಂದರು. ಸುಮ್ಮನೆ ಕೂತೆ. ಬೇರೆಯದೂ ಇತ್ತು. ಅಮ್ಮನ ಜಪಸರ. ಅಮ್ಮ ಅದನ್ನು ಅಕ್ಕನಿಗೆ ಕೊಡಬೇಕು ಅಂತ ನನ್ನ ಹತ್ತಿರವೇ ಹೇಳಿದ್ದರು. ಅಕ್ಕ ಒಂದು ಸಲ ಮೆಸೇಜ್ ಮಾಡಿ ಕೇಳಿದ್ದಳು. ನಾನು ಉತ್ತರ ಕೊಟ್ಟಿರಲಿಲ್ಲ. ನೋಡಿಕೊಂಡವಳು ನಾನು, ನನ್ನ ಹತ್ತಿರವೇ ಇರಲಿ ಅಂತ ಇಟ್ಟುಕೊಂಡಿದ್ದೆ. ದಿನಾ ರಾತ್ರಿ ಅದೇ ಮಣಿಗಳನ್ನು ಎಣಿಸಿ ಶಾಂತಿ ಕೊಡು ಅಂತ ಬೇಡುತ್ತಿದ್ದೆ.

ಸಿಸ್ಟರ್ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ‘ನಿನ್ನೆ ಗುಂಡಿಯ ವಿಷಯ ಮಾತಾಡಿದ್ವಲ್ಲ’ ಅಂದರು. ಗಂಟೆ ಬಾರಿಸಿತು. ಇಡೀ ಕೂಟದಲ್ಲಿ ನನಗೆ ಸಿಕ್ಕಿದ್ದರಲ್ಲಿ ಈ ಇಪ್ಪತ್ತು ನಿಮಿಷವೇ ದೊಡ್ಡದು. ನೀವು ಹೋದರೆ ದಯವಿಟ್ಟು ಈ ಹೊತ್ತನ್ನು ಬಿಡಬೇಡಿ. ಸಂಕೋಚ ಅಂತ ಕೆಲವರು ಹೋಗಲೇ ಇಲ್ಲ.

ಸಂಜೆಯ ಮಾತಿನಲ್ಲಿ ಎರಡು ಚಿತ್ರ ಕೈಯಿಂದ ಕೈಗೆ ದಾಟಿಸಿದರು. ಒಂದು ರೋಮ್‌ನಲ್ಲಿರುವ ಅಮೃತಶಿಲೆಯ ‘ಶಾಂತಿಪೀಠ’. ಅಗಸ್ಟಸ್ ಚಕ್ರವರ್ತಿ ಗೆದ್ದು ಬಂದ ಗೌರವಕ್ಕೆ ಕಟ್ಟಿಸಿ, ಕ್ರಿ.ಪೂ. 9ರಲ್ಲಿ ಪ್ರತಿಷ್ಠೆ ಮಾಡಿದ್ದು. ಯೇಸು ಹುಟ್ಟಿದ ಕಥೆಯನ್ನು ಶುಭಸಂದೇಶ ಬರೆದ ಲೂಕ ಶುರು ಮಾಡುವುದೇ ಇದೇ ಅಗಸ್ಟಸ್‌ನ ಹೆಸರು ಹೇಳಿ. ಆಮೇಲೆ ದೇವದೂತರು ಹೊಲದಲ್ಲಿ ಕುರಿ ಕಾಯುವವರಿಗೆ ಭೂಮಿಯ ಮೇಲೆ ಶಾಂತಿ ಅಂತ ಹಾಡುತ್ತಾರೆ. ಎರಡು ಶಾಂತಿಗಳನ್ನು ಲೂಕ ಅಕ್ಕಪಕ್ಕ ಇಟ್ಟಿದ್ದಾನೆ. ರೋಮ್ ತನ್ನ ಶಾಂತಿಯನ್ನು ಕಾಪಾಡಿಕೊಂಡಿದ್ದೇ ಶಿಲುಬೆಗೆ ಏರಿಸಿ, ಹೆದರಿಸಿ. ಲೋಕ ಕೊಡುವ ಹಾಗೆ ನಾನು ಕೊಡುವುದಿಲ್ಲ ಅಂತ ಯೇಸು ಹೇಳಿದ್ದು ಆ ಶಿಲುಬೆಗೆ ಏರುವ ಹಿಂದಿನ ರಾತ್ರಿ.

ಎರಡನೆಯ ಚಿತ್ರ ಒಂದು ಕಲ್ಲು. 1871ರಲ್ಲಿ ಜೆರುಸಲೇಮಿನಲ್ಲಿ ಸಿಕ್ಕಿದ್ದು, ಈಗ ಇಸ್ತಾನ್‌ಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಯೆಹೂದ್ಯರ ದೇವಾಲಯದ ಅಂಗಳದಲ್ಲಿದ್ದ ತಡೆಗೋಡೆಯ ಫಲಕ. ಅನ್ಯರು ಇದನ್ನು ದಾಟಿ ಬರಬಾರದು, ಸಿಕ್ಕಿಬಿದ್ದರೆ ಬರುವ ಸಾವಿಗೆ ತಾವೇ ಹೊಣೆ ಅಂತ ಗ್ರೀಕ್‌ನಲ್ಲಿ ಕೆತ್ತಿದ್ದಾರೆ. ಅಕ್ಷರ ಎಷ್ಟು ಅಚ್ಚುಕಟ್ಟು ಅಂದರೆ ನಾನು ಚಿತ್ರ ಮುಂದೆ ದಾಟಿಸುವುದನ್ನೇ ಮರೆತೆ. ಒಬ್ಬ ಅನ್ಯನನ್ನು ಒಳಗೆ ಕರೆತಂದ ಅಂತ ಆರೋಪ ಹೊರಿಸಿಯೇ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನನ್ನು ಆ ದೇವಾಲಯದಲ್ಲಿ ಹಿಡಿದದ್ದು. ಎಫೆಸದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತರೇ ನಮ್ಮ ಶಾಂತಿ, ನಡುವಿನ ಗೋಡೆಯನ್ನು ಕೆಡವಿದವರು ಅಂತ ಬರುತ್ತದಲ್ಲ, ಅದನ್ನು ನಾನು ಸುಮ್ನೆ ಒಂದು ಹೋಲಿಕೆ ಅಂದುಕೊಂಡಿದ್ದೆ. ಕೈಯಲ್ಲಿ ಕಲ್ಲಿನ ಚಿತ್ರ ಹಿಡಿದು ಓದಿದರೆ ಬೇರೆ ಥರ ಕೇಳಿಸುತ್ತದೆ.

ಈಗ ಸರಿ ಬರದ ವಿಷಯಗಳು.

ಎರಡನೇ ದಿನ ವಿಪರೀತ ತುಂಬಿಸಿದ್ದರು. ಸಂಜೆಯ ಮಾತು ಮುಗಿದ ಕೂಡಲೇ ಗುರುಗಳ ಹತ್ತಿರ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಸಾಲು, ಅದು ಮುಗಿಯುವ ಮೊದಲೇ ಜಾಗರಣೆ ಪ್ರಾರ್ಥನೆ. ಬೆಳಿಗ್ಗೆ ಕೇಳಿದ್ದು ಮನಸ್ಸಿಗೆ ಇಳಿಯಲು ಹೊತ್ತೇ ಸಿಗಲಿಲ್ಲ. ಮಂಡಿ ನೋವಿರುವವರಿಗೆ ಪ್ರಾರ್ಥನಾಲಯದಲ್ಲಿ ಹಿಂದಿನ ಸಾಲಿನ ನಾಲ್ಕು ಕುರ್ಚಿ ಬಿಟ್ಟರೆ ಬೇರೆ ಇರಲಿಲ್ಲ.

ಕೈಪಿಡಿಯಲ್ಲಿ ಅಚ್ಚಿನ ತಪ್ಪು ಕಡಿಮೆ, ಅದಕ್ಕೆ ಮೆಚ್ಚುಗೆ. ಆದರೆ ‘ನನ್ನನ್ನು ನಿನ್ನ ಶಾಂತಿಯ ಸಾಧನವಾಗಿಸು’ ಎಂಬ ಪ್ರಾರ್ಥನೆಯ ಕೆಳಗೆ ಸಂತ ಫ್ರಾನ್ಸಿಸ್ ಅಂತ ಹಾಕಿದ್ದಾರೆ. ಪ್ರಾರ್ಥನೆ ಸುಂದರವಾಗಿದೆ, ನಾನೂ ಹೇಳುತ್ತೇನೆ. ಆದರೆ ಅದು ಮೊದಲು ಅಚ್ಚಾಗಿದ್ದು 1912ರಲ್ಲಿ, ಒಂದು ಫ್ರೆಂಚ್ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಫ್ರಾನ್ಸಿಸ್ ತೀರಿಕೊಂಡಿದ್ದು 1226ರಲ್ಲಿ. ಅವರದ್ದೇ ನಿಜವಾದ ಕಥೆ ಬೇಕಿದ್ದರೆ 1219ರದ್ದು ಇತ್ತು. ಧರ್ಮಯುದ್ಧ ನಡೆಯುತ್ತಿದ್ದಾಗಲೇ ಈಜಿಪ್ಟಿಗೆ ಹೋಗಿ, ಎದುರು ಪಾಳೆಯಕ್ಕೆ ನಡೆದು, ಸುಲ್ತಾನ ಅಲ್ ಕಾಮಿಲ್‌ನನ್ನು ಕಂಡು ಬಂದವರು ಅವರು. ಕೈಪಿಡಿಯಲ್ಲಿ ಅದು ಇರಬೇಕಿತ್ತು.

ಯುದ್ಧದ ಮಾತು ಬಂತಲ್ಲ. ಮೂರು ದಿನ ಶಾಂತಿ ಅಂತ ಕೂತು ಈ ಹೊತ್ತು ನಡೆಯುತ್ತಿರುವ ಯುದ್ಧಗಳ ಬಗ್ಗೆ ಒಂದು ಪ್ರಾರ್ಥನೆ ಬಿಟ್ಟರೆ ಏನೂ ಬರಲಿಲ್ಲ. 1963ರಲ್ಲಿ ಜಗದ್ಗುರು (ಪೋಪ್) 23ನೇ ಯೊವಾನ್ನರು ಶಾಂತಿಯ ಬಗ್ಗೆ ವಿಶ್ವಪತ್ರ ಬರೆದು ಕಥೋಲಿಕರಿಗಷ್ಟೇ ಅಲ್ಲ, ಒಳ್ಳೆ ಮನಸ್ಸಿನ ಎಲ್ಲರಿಗೂ ಅಂತ ಕಳಿಸಿದರು. 1968ರಿಂದ ಪ್ರತಿ ಜನವರಿ 1ನ್ನು ಧರ್ಮಸಭೆ ವಿಶ್ವ ಶಾಂತಿ ದಿನ ಅಂತ ಆಚರಿಸುತ್ತಿದೆ. ಇಷ್ಟೆಲ್ಲ ಇರುವಾಗ ಅರ್ಧ ಗಂಟೆ ಕೊಡಬಹುದಿತ್ತು.

ನನ್ನ ದೊಡ್ಡ ದೂರು ಮೂರನೇ ದಿನದ್ದು. ಅತಿಥಿಯಾಗಿ ಬಂದ ಗುರುಗಳೊಬ್ಬರು (ಪಾದ್ರಿ) ‘ಎಲ್ಲರನ್ನೂ ಕ್ಷಮಿಸಿ, ಇವತ್ತೇ ರಾಜಿಯಾಗಿ’ ಅಂದರು. ಕೇಳಲು ಸರಿಯೇ ಅನ್ನಿಸುತ್ತದೆ. ಆದರೆ ನನ್ನ ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳ ಭುಜ ಆ ಮಾತಿಗೆ ಬಿಗಿಯಾಗಿದ್ದು ಕಂಡಿತು. ಅವಳ ಕಥೆ ನನಗೆ ಗೊತ್ತಿಲ್ಲ. ಆದರೂ ಹೊಡೆಯುವವರ ಮನೆಯಿಂದ ಬಂದವರು ಅಲ್ಲಿ ಯಾರಾದರೂ ಇದ್ದಿದ್ದರೆ? ಜನರ ಗಾಯಕ್ಕೆ ಮೇಲೆ ಮೇಲೆ ಮದ್ದು ಹಚ್ಚಿ, ಶಾಂತಿ ಇಲ್ಲದ ಕಡೆ ಶಾಂತಿ ಶಾಂತಿ ಅನ್ನುತ್ತಾರೆ ಅಂತ ಯೆರೆಮೀಯ ಪ್ರವಾದಿ ಸಿಟ್ಟಾಗಿದ್ದು ಇಂಥದ್ದಕ್ಕೇ. ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲ ಎಲ್ಲರ ಜೊತೆ ಸಮಾಧಾನದಿಂದ ಬಾಳಿ ಅನ್ನುವ ಮೊದಲು ಎರಡು ಮಾತು ಸೇರಿಸಿದ್ದಾನೆ: ಸಾಧ್ಯವಾದರೆ, ನಿಮ್ಮ ಕೈಲಾದ ಮಟ್ಟಿಗೆ. ಆ ಎರಡು ಮಾತು ಬಿಟ್ಟು ಓದಿದರೆ ತಪ್ಪು ಮಾಡಿದವರಿಗೆ ಅನುಕೂಲ, ನೊಂದವರಿಗೆ ಇನ್ನೊಂದು ಹೊರೆ. ಗುಂಡಿ ತೋಡಿದವನು ಕಟ್ಟಿಕೊಡಬೇಕು, ಎತ್ತು ಕಳೆದುಕೊಂಡವನಲ್ಲ. ಸಿಸ್ಟರ್‌ಗೆ ಇದನ್ನು ಹೇಳಿದೆ. ಅವರು ಕೇಳಿಸಿಕೊಂಡರು. ಮುಕ್ತಾಯದ ಮಾತಿನಲ್ಲಿ ಆ ವಾಕ್ಯವನ್ನು ಓದಿಸಿ, ‘ದೂರ ಇರೋದೇ ಸರಿ ಅನ್ನೋ ಸಂದರ್ಭನೂ ಇರುತ್ತೆ. ಅಲ್ಲಿ ನಿಮ್ಮ ಪಾಲಿಗೆ ಬಂದದ್ದು ದ್ವೇಷ ಬಿಡೋದು, ಬಾಗಿಲು ತೆಗೆಯೋದಲ್ಲ’ ಅಂದರು. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ. ನಿಜಕ್ಕೂ ದೊಡ್ಡ ಮನಸ್ಸು.

ಕೊನೆಯ ಬಲಿಪೂಜೆಯಲ್ಲಿ (ಮಾಸ್) ಶಾಂತಿ ಹಂಚಿಕೊಳ್ಳುವ ಹೊತ್ತನ್ನು ಅವಸರವಿಲ್ಲದೆ ನಡೆಸಿದರು. ಇದು ಹೊಸ ಪದ್ಧತಿ ಏನಲ್ಲ. ಕ್ರಿ.ಶ. 155ರ ಸುಮಾರಿಗೇ ಸಂತ ಜಸ್ಟಿನ್, ಪ್ರಾರ್ಥನೆ ಮುಗಿಸಿ ಒಬ್ಬರಿಗೊಬ್ಬರು ಮುತ್ತಿಟ್ಟು ಆಮೇಲೆ ರೊಟ್ಟಿ, ಪಾತ್ರೆ ತರುತ್ತೇವೆ ಅಂತ ಬರೆದಿದ್ದಾರೆ. ಸಾಮಾನ್ಯವಾಗಿ ನಾನು ಪಕ್ಕದವರ ಕಡೆ ತಲೆ ಆಡಿಸಿ ಮುಗಿಸುವವಳು. ಇಲ್ಲಿ ಒಬ್ಬೊಬ್ಬರ ಮುಂದೆ ನಿಂತು, ಕೈ ಹಿಡಿದು, ಹೇಳಿ, ಮುಂದಕ್ಕೆ. ಮೂರು ದಿನ ಒಂದೂ ಮಾತಾಡದ 21 ಜನರ ಕೈ. ಒಬ್ಬರದು ಒರಟು, ಒಬ್ಬರದು ತಣ್ಣಗೆ, ಒಬ್ಬರು ಅಳುತ್ತಿದ್ದರು. ಮುಂದಿನ ಸಾಲಿನ ಆ ಹೆಣ್ಣುಮಗಳ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದೆ.

ಹೊರಡುವಾಗ ಚೀಟಿ ತೆಗೆದು ನೋಡಿದೆ. ‘ನೆಮ್ಮದಿ.’ ಅದು ಸಿಕ್ಕಿತಾ ಅಂದರೆ ಇಲ್ಲ. ಬಂದದ್ದಕ್ಕಿಂತ ಜಾಸ್ತಿ ಎದೆ ಹೊಡೆದುಕೊಳ್ಳುತ್ತಿತ್ತು, ಏನು ಮಾಡಬೇಕು ಅಂತ ಗೊತ್ತಾಗಿತ್ತಲ್ಲ. ಆದರೂ ಕಾಲು ನಡುಗಲಿಲ್ಲ. ಪೌಲ ಸೆರೆಯಲ್ಲಿ ಕೂತು ಫಿಲಿಪ್ಪಿಯವರಿಗೆ ಬರೆಯುತ್ತಾನೆ, ದೇವರ ಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ ಅಂತ. ಆ ‘ಕಾಯುವುದು’ ಸೈನಿಕರು ಊರಿಗೆ ಪಹರೆ ನಿಲ್ಲುವುದಕ್ಕೆ ಬಳಸುವ ಪದ ಅಂತ ಸಿಸ್ಟರ್ ಹೇಳಿದ್ದರು. ಒಳಗೆ ಗಲಾಟೆ ಇದೆ, ಆದರೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಹಾಗೆ ಇತ್ತು ನನಗೆ.

ಯಾರು ಹೋಗಬಹುದು? ಒಬ್ಬರ ಹೆಸರು ಕೇಳಿದರೆ ಮನಸ್ಸು ಮುದುಡುತ್ತದೆ ಅನ್ನುವವರು ಖಂಡಿತ ಹೋಗಿ. ಈಗ ತಾನೇ ಯಾರನ್ನೋ ಕಳೆದುಕೊಂಡವರು ಸ್ವಲ್ಪ ತಡೆದು ಹೋಗಿ, ಎರಡನೇ ದಿನ ಭಾರ ಆಗಬಹುದು. ಬೈಬಲ್ ಚೆನ್ನಾಗಿ ಓದಿಕೊಂಡವರಿಗೂ ಇಲ್ಲಿ ಹೊಸದು ಸಿಗುತ್ತದೆ, ಓದದವರಿಗೆ ಕಷ್ಟವೂ ಆಗುವುದಿಲ್ಲ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಎರಡನೇ ದಿನದ ಅವಸರಕ್ಕೂ ಅತಿಥಿ ಗುರುಗಳ ಆ ಮಾತಿಗೂ. ಮುಂದಿನ ಕೂಟಕ್ಕೆ ಹೆಸರು ಬರೆಸಿದ್ದೇನೆ.

ಫೋನ್ ಕೈಗೆ ಬಂದ ಕೂಡಲೇ ಅಕ್ಕನಿಗೆ ಕರೆ ಮಾಡಿದೆ. ಎತ್ತಲಿಲ್ಲ. ‘ಅಕ್ಕ, ಆವತ್ತು ಎಲ್ಲರ ಮುಂದೆ ನಾನು ಆಡಿದ ಮಾತು ತಪ್ಪು. ಅಮ್ಮನ ಜಪಸರ ನಿನಗೆ ಸೇರಬೇಕಾಗಿದ್ದು. ಕಳಿಸ್ತಾ ಇದ್ದೀನಿ’ ಅಂತ ಬರೆದೆ. ‘ಆದರೆ ನೀನೂ’ ಅಂತ ಶುರುವಾದ ಇನ್ನೊಂದು ಸಾಲು ಟೈಪ್ ಮಾಡಿ ಅಳಿಸಿದೆ. ಮಾರನೇ ದಿನ ಜಪಸರವನ್ನು ಹತ್ತಿಯಲ್ಲಿ ಸುತ್ತಿ, ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ಕಳಿಸಿದೆ.

ಒಂಬತ್ತು ದಿನ ಸುದ್ದಿ ಇಲ್ಲ. ನಿನ್ನೆ ರಾತ್ರಿ ಉತ್ತರ ಬಂತು. ‘ಬಂತು. ಅದರ ಡಬ್ಬಿ ಎಲ್ಲಿ?’

ಮುಚ್ಚಳದ ಮೇಲೆ ಮಾತೆಯ ಚಿತ್ರ ಇರುವ ಪುಟ್ಟ ತಗಡಿನ ಡಬ್ಬಿ. ನನ್ನ ಕಪಾಟಿನಲ್ಲೇ ಉಳಿದಿತ್ತು, ಗುಂಡಿ ದಾರ ಹಾಕಿಟ್ಟಿದ್ದೆ. ಇವತ್ತು ಖಾಲಿ ಮಾಡಿ ಒರೆಸಿದ್ದೇನೆ. ನಾಳೆ ಅಂಚೆ ಕಚೇರಿ ತೆಗೆದ ಕೂಡಲೇ ಹೋಗುತ್ತೇನೆ.